ಸುಣ್ಣದ ಸರದಿ ಬದಲಿಸಿದ ಗಾಜಿನ ಮೇಡಂ

ಕುಡಿಯುವ ನೀರನ್ನು ಶುದ್ಧೀಕರಿಸುವ ಶಾಸ್ತ್ರದಲ್ಲಿ ಹೆಸರು ಮಾಡಿದವರು ಸಾಮಾನ್ಯವಾಗಿ ಎರಡು ಬಗೆಯವರು. ದೊಡ್ಡ ಜಲಾಶಯ, ದೊಡ್ಡ ಯಂತ್ರ, ದೊಡ್ಡ ಯೋಜನೆಗಳ ಶಿಲಾಫಲಕಗಳಲ್ಲಿ ಮೆರೆಯುವವರು ಒಂದು ಕಡೆ. ವಿಚಾರ ಸಂಕಿರಣಗಳ ವೇದಿಕೆಯಲ್ಲಿ ಮೆರೆಯುವವರು ಇನ್ನೊಂದು ಕಡೆ. ಈ ಎರಡೂ ಸಾಲಿಗೆ ಸೇರದೆ, ಇದ್ದ ತೊಟ್ಟಿಗಳಲ್ಲೇ, ಇದ್ದ ಪಟಿಕದಲ್ಲೇ, ಇದ್ದ ನಮ್ಮಂಥವರನ್ನೇ ಕಟ್ಟಿಕೊಂಡು, ನೀರಿನಲ್ಲಿ ಕಣ್ಣಿಗೆ ಕಾಣದಂತೆ ಕರಗಿ ಕುಳಿತಿದ್ದ ಕೊಳೆತ ಎಲೆಯ ಸಾರವನ್ನು ಹಿಡಿದು ಹೊರಗೆಳೆದು ತೋರಿಸಿದವರು ನಮ್ಮ ಜಲಶುದ್ಧೀಕರಣ ಘಟಕದ ಮುಖ್ಯ ರಸಾಯನಶಾಸ್ತ್ರಜ್ಞೆಯಾಗಿದ್ದು ಈ ತಿಂಗಳು ನಿವೃತ್ತರಾಗುತ್ತಿರುವ, ಘಟಕದ ಗೇಟಿನವರಿಂದ ಹಿಡಿದು ದೊಡ್ಡ ಸಾಹೇಬರವರೆಗೆ ಎಲ್ಲರೂ 'ಗಾಜಿನ ಮೇಡಂ' ಎಂದು ಕರೆಯುವ ನನ್ನ ಗುರುಗಳು. ಕೈಯಲ್ಲಿ ಒಂದು ಗಾಜಿನ ನಳಿಕೆ ಇಲ್ಲದೆ ಅವರನ್ನು ನೋಡಿದವರು ನಮ್ಮಲ್ಲಿ ಯಾರೂ ಇಲ್ಲ.

ಲೇಖನದಲ್ಲಿ ಗಾಂಭೀರ್ಯ ಇರಲಿ ಎಂದು ಮೇಡಂ ಅವರ ಈ ಅಭಿನಂದನ ಗ್ರಂಥದ ಸಂಪಾದಕರು ನನಗೆ ವಿಶೇಷವಾಗಿ ಹೇಳಿ ಕಳಿಸಿದ್ದಾರೆ. ಬೇರೆ ಯಾರಿಗೂ ಹೇಳಿಲ್ಲವಂತೆ! ಪ್ರಯತ್ನಿಸುತ್ತೇನೆ. ಆದರೆ ಆ ಒಂದು ವಾರವನ್ನು ನೆನೆಸಿಕೊಂಡರೆ ಇವತ್ತಿಗೂ ನನಗೆ ಕುರ್ಚಿಯಲ್ಲಿ ಕೂರಲು ಆಗುವುದಿಲ್ಲ. ಎದೆ ಕುಣಿಯುತ್ತಿರುವಾಗ ಗಾಂಭೀರ್ಯವನ್ನು ಎಲ್ಲಿಂದ ತರಲಿ, ಮಹನೀಯರೇ?

ನಾನು ಕಿರಿಯ ವಿಶ್ಲೇಷಕಿಯಾಗಿ ಸೇರಿದಾಗ ನಮ್ಮ ಪ್ರಯೋಗಾಲಯವೆಂದರೆ ಪಂಪುಮನೆಯ ಮೇಲಿನ ಒಂದು ಉದ್ದನೆಯ ಕೋಣೆ. ಕೆಳಗೆ ಪಂಪು ಶುರುವಾದರೆ ಮೇಲೆ ಕಪಾಟಿನ ಸೀಸೆಗಳೆಲ್ಲ ಒಂದಕ್ಕೊಂದು ತಾಕಿ ಕಿಣಿಕಿಣಿ ಅನ್ನುತ್ತಿದ್ದವು. ಕಿಟಕಿಯ ಕಟ್ಟೆಗೆ ಮೇಡಂ ಬಿಳಿ ಟೈಲ್ಸ್ ಹಾಕಿಸಿದ್ದರು, ನೀರಿನ ಬಣ್ಣ ನೋಡುವುದಕ್ಕೆ. ಅಲ್ಲಿ ಯಾರೂ ಊಟದ ಡಬ್ಬಿ ಇಡುವಂತಿರಲಿಲ್ಲ. ಮೊದಲ ದಿನವೇ ನಾನು ಇಟ್ಟೆ. ಅವರು ಬಯ್ಯಲಿಲ್ಲ; ಡಬ್ಬಿಯನ್ನು ಎತ್ತಿ ನನ್ನ ಕೈಗೆ ಕೊಟ್ಟು, "ಮೊದಲು ಊಟ ಮಾಡಿ ಬಾ, ಆಮೇಲೆ ಕೆಲಸ. ಹಸಿದ ಕಣ್ಣಿಗೆ ಎಲ್ಲ ನೀರೂ ತಿಳಿಯಾಗೇ ಕಾಣುತ್ತೆ" ಎಂದರು. ನಾನು ಊಟ ಮಾಡಿ ಬಂದ ವೇಗ ನೋಡಿ ಅವತ್ತೇ ನನಗೆ 'ಅವಸರದಮ್ಮ' ಎಂದು ಹೆಸರಿಟ್ಟರು. ನನ್ನ ಗಂಡ ಈಗ ಅದೇ ಹೆಸರಿನಿಂದ ಕರೆಯುತ್ತಾರೆ. ಅಪ್ಪ ಅಮ್ಮ ಇಟ್ಟ ಹೆಸರು ಸಂಬಳದ ಚೀಟಿಗೆ ಮಾತ್ರ ಉಳಿದಿದೆ.

ಮೇಡಂ ಅವರ ಮನೆಯವರದು ಕನ್ನಡಕದ ಅಂಗಡಿ. ಮನೆಗೆ ಹೋದವರಿಗೆಲ್ಲ ಅವರು ಒಂದು ಮಾತು ಹೇಳದೆ ಬಿಡುವುದಿಲ್ಲ: "ಊರಿನವರಿಗೆ ಇರೋದು ಕಾಣೋ ಹಾಗೆ ಮಾಡೋದು ನನ್ನ ಕೆಲಸ. ಯಾರಿಗೂ ಕಾಣದೆ ಇರೋದನ್ನ ಹುಡುಕೋದು ನಮ್ಮ ಯಜಮಾಂತಿ ಕೆಲಸ. ಸಂಸಾರ ಹೇಗೆ ನಡೀತಿದೆ ಅಂತ ನಮಗೂ ಗೊತ್ತಿಲ್ಲ." ಆ ಮನೆಯ ಅಡುಗೆಮನೆಯಲ್ಲಿ ಕಾಫಿಪುಡಿಯ ಬಾಟಲಿಯ ಪಕ್ಕದಲ್ಲೇ ಜಲಾಶಯದ ನೀರಿನ ಬಾಟಲಿಗಳು ನಿಂತಿರುತ್ತವೆ. ಒಮ್ಮೆ ಆ ಪುಣ್ಯಾತ್ಮರು ಅದರಲ್ಲಿ ಒಂದನ್ನು ತಣ್ಣಗಾದ ಚಹಾ ಎಂದುಕೊಂಡು ಬಿಸಿ ಮಾಡಿ ಸಕ್ಕರೆ ಹಾಕಿ ಬಾಯಿಗಿಟ್ಟೂ ಬಿಟ್ಟಿದ್ದರು. ಅವರಿಗೇನೂ ಆಗಲಿಲ್ಲ. ಮೇಡಂ ಮಾತ್ರ ಮಾದರಿ ಹಾಳಾಯಿತೆಂದು ಎರಡು ದಿನ ಮುಖ ಊದಿಸಿಕೊಂಡಿದ್ದರು.

ಚಹಾ ಎಂದುಕೊಂಡದ್ದರಲ್ಲಿ ಅವರ ತಪ್ಪೇನೂ ಇಲ್ಲ. ನಮ್ಮ ಜಲಾಶಯದ ಸುತ್ತ ಕಾಡು. ಬೇಸಿಗೆಯಲ್ಲೆಲ್ಲ ಎಲೆ ಉದುರಿ ಕೊಳೆಯುತ್ತದೆ. ಮೊದಲ ದೊಡ್ಡ ಮಳೆಗೆ ಆ ಸಾರವೆಲ್ಲ ಇಳಿದು ಬಂದು ನೀರು ಅಚ್ಚುಕಟ್ಟಾಗಿ ಡಿಕಾಕ್ಷನ್ ಬಣ್ಣಕ್ಕೆ ತಿರುಗುತ್ತದೆ. ನೀರಿಗೆ ಪಟಿಕ ಹಾಕಿ ಕಲಕಿದರೆ ಕೆಸರಿನ ಕಣಗಳು ಒಂದನ್ನೊಂದು ಹಿಡಿದುಕೊಂಡು, ಹಿಂಜಿದ ಹತ್ತಿಯಂಥ ತುಣುಕುಗಳಾಗಿ ತಳಕ್ಕಿಳಿಯುತ್ತವೆ. ಉಳಿದದ್ದನ್ನು ಮರಳಿನ ಫಿಲ್ಟರ್ ಹಿಡಿಯುತ್ತದೆ. ಇದು ನಮ್ಮ ವಿದ್ಯೆಯ ಮೊದಲ ಪಾಠ. ಆದರೆ ಎಲೆಯ ಸಾರ ಕೆಸರಲ್ಲ, ಸಕ್ಕರೆಯ ಹಾಗೆ ಕರಗಿರುತ್ತದೆ. ಅದರಲ್ಲಿ ಬಹುಪಾಲು ಈ ಎಲ್ಲ ಕಾವಲನ್ನೂ ದಾಟಿ ಮುಂದೆ ಹೋಗುತ್ತದೆ. ಮುಂದೆ ಕ್ಲೋರಿನ್ ಸಿಗುತ್ತದೆ. ರೋಗಾಣುಗಳನ್ನು ಕೊಲ್ಲಲೆಂದು ಹಾಕಿದ ಕ್ಲೋರಿನ್ನನ್ನು ಈ ಸಾರವೇ ತಿಂದು ಹಾಕುತ್ತದೆ. ತಿಂದದ್ದು ಸಾಲದೆಂದು ಬೇಡದ ಹೊಸ ರಾಸಾಯನಿಕಗಳನ್ನೂ ಹುಟ್ಟಿಸುತ್ತದೆ.

ನಮ್ಮ ಘಟಕ ಕಟ್ಟಿದಂದಿನಿಂದ ಒಂದು ಪದ್ಧತಿ ನಡೆದುಬಂದಿತ್ತು: ಮೊದಲು ಸುಣ್ಣ, ಆಮೇಲೆ ಪಟಿಕ. ಪಟಿಕ ನೀರನ್ನು ಸ್ವಲ್ಪ ಹುಳಿಯಾಗಿಸುತ್ತದೆ, ಹುಳಿನೀರು ಕೊಳವೆ ತಿನ್ನುತ್ತದೆ, ಆದ್ದರಿಂದ ನೀರು ಒಳಗೆ ಬರುವ ಕಾಲುವೆಯಲ್ಲೇ ಸುಣ್ಣ ಬೆರೆಸಿಬಿಡುವುದು. ಆ ಕೆಲಸದ ಹಿರಿಯ ಆಪರೇಟರನ್ನು ಎಲ್ಲರೂ 'ಸುಣ್ಣದಣ್ಣ' ಎನ್ನುತ್ತಿದ್ದರು. ಸುಣ್ಣ ಬಿದ್ದ ನೀರಿನಲ್ಲಿ ದಪ್ಪ ದಪ್ಪ ತುಣುಕು ಕಟ್ಟಿ, ತೂಗುತ್ತಾ ಇಳಿಯುವುದನ್ನು ಆತ ಮಗುವಿನ ನಿದ್ದೆ ನೋಡುವ ತಾಯಿಯ ಹಾಗೆ ನೋಡುತ್ತಾ ನಿಲ್ಲುತ್ತಿದ್ದ.

ಅಂಥ ಒಂದು ಮಳೆಯ ತಿಂಗಳಲ್ಲಿ ಆರೋಗ್ಯ ಇಲಾಖೆಯಿಂದ ನೋಟೀಸು ಬಂತು. ಕ್ಲೋರಿನ್ನಿನಿಂದ ಹುಟ್ಟುವ ರಾಸಾಯನಿಕಗಳು ನಮ್ಮ ನೀರಿನಲ್ಲಿ ಮಿತಿ ಮೀರಿವೆ. ಘಟಕದ ಮುಖ್ಯಸ್ಥರಾದ ದೊಡ್ಡ ಸಾಹೇಬರು ಕೆಟ್ಟವರಲ್ಲ, ಆದರೆ ಮೇಲಿನಿಂದ ಫೋನ್ ಮೇಲೆ ಫೋನ್ ಬರುತ್ತಿತ್ತು. ಅವರು ಮೇಡಂ ಅವರನ್ನು ಕರೆಸಿ, "ಕ್ಲೋರಿನ್ ಅರ್ಧಕ್ಕೆ ಇಳಿಸಿಬಿಡೋಣ. ಕ್ಲೋರಿನ್ನೇ ಇಲ್ಲದಿದ್ರೆ ಅದರಿಂದ ಹುಟ್ಟೋದು ಎಲ್ಲಿಂದ ಬರುತ್ತೆ? ಕತೆ ಮುಗೀತು" ಎಂದರು.

"ಕತೆ ಮುಗಿಯಲ್ಲ ಸರ್, ಅಲ್ಲಿಂದ ಶುರುವಾಗುತ್ತೆ" ಎಂದರು ಮೇಡಂ. "ಕೊನೇ ನಲ್ಲಿಯಲ್ಲಿ ಈಗಲೇ ಕ್ಲೋರಿನ್ ಉಳೀತಿಲ್ಲ. ಅರ್ಧ ಮಾಡಿದ್ರೆ ಅರ್ಧ ದಾರೀಲೇ ಖಾಲಿ."

ಈ ಕೊನೆಯ ನಲ್ಲಿ ಎಂದರೆ ನಮ್ಮ ಕೊಳವೆಯ ಜಾಲದ ತುತ್ತತುದಿ. ಅಲ್ಲಿರುವುದು ಹೆರಿಗೆ ಆಸ್ಪತ್ರೆ. ಹಸುಗೂಸುಗಳಿಗೆ ಸ್ನಾನ ಮಾಡಿಸುವ ಕೋಣೆಯ ನಲ್ಲಿಯ ನೀರನ್ನು ಮೇಡಂ ಪ್ರತಿ ವಾರ ತಾವೇ ಹೋಗಿ ಪರೀಕ್ಷಿಸುತ್ತಿದ್ದರು. ನಳಿಕೆಯ ನೀರಿಗೆ ಪುಡಿ ಹಾಕಿದರೆ ಕ್ಲೋರಿನ್ ಇದ್ದಲ್ಲಿ ಗುಲಾಬಿ ಬಣ್ಣ ಬರಬೇಕು. ಆ ತಿಂಗಳಿಡೀ ಬಂದಿರಲಿಲ್ಲ. ಆಸ್ಪತ್ರೆಯವರು ನೀರು ಕುದಿಸಿ ಕುದಿಸಿ ಸಾಕಾಗಿದ್ದರು. ನನ್ನ ತಂಗಿ ಆ ವಾರವೇ ಅಲ್ಲಿಗೆ ಹೆರಿಗೆಗೆ ಸೇರುವವಳಿದ್ದಳು. ಸಾಹೇಬರ ಕೋಣೆಯಲ್ಲಿ ನಾನು ತಡೆಯಲಾರದೆ, "ನಿಮ್ಮ ಮನೆಯವರನ್ನ ಅಲ್ಲಿಗೆ ಸೇರಿಸ್ತೀರಾ ಸರ್?" ಎಂದು ಕೇಳಿಯೂ ಬಿಟ್ಟೆ. ಮೇಡಂ ಮೇಜಿನ ಕೆಳಗೆ ನನ್ನ ಕಾಲು ತುಳಿದರು. ಜೋರಾಗಿಯೇ ತುಳಿದರು.

ಕ್ಲೋರಿನ್ ಇಳಿಸುವ ಆದೇಶಕ್ಕೆ ಮುಖ್ಯ ರಸಾಯನಶಾಸ್ತ್ರಜ್ಞರ ಸಹಿ ಬೇಕಿತ್ತು. ಮುಂದಿನ ಸೋಮವಾರದಿಂದ ಜಾರಿ. ಮೇಡಂ ಅಲ್ಲಿಯವರೆಗೆ ಕಾಲಾವಕಾಶ ಕೇಳಿ, ತಮ್ಮ ವಿಚಾರ ಬಿಡಿಸಿ ಹೇಳಿದರು: "ತಿನ್ನೋದನ್ನ ತೆಗೀಬೇಕು ಸರ್, ಕ್ಲೋರಿನ್ನನ್ನಲ್ಲ. ನೀರು ಕೊಂಚ ಹುಳಿ ಇರುವಾಗಲೇ ಪಟಿಕ ಎಲೆಯ ಸಾರವನ್ನ ಹಿಡಿಯುತ್ತೆ. ನಾವು ಮೊದಲೇ ಸುಣ್ಣ ಸುರಿದು ಅದರ ಕೈ ಕಟ್ಟಿಹಾಕಿದೀವಿ. ಪಟಿಕ ಸ್ವಲ್ಪ ಜಾಸ್ತಿ ಮಾಡೋಣ, ಸುಣ್ಣ ಫಿಲ್ಟರ್ ದಾಟಿದ ಮೇಲೆ ಕೊಡೋಣ. ಕೊಳವೆಗೆ ಹೋಗೋ ಹೊತ್ತಿಗೆ ಹುಳಿ ಹೋಗಿರುತ್ತೆ." ಪ್ರಯೋಗಾಲಯದ ಆರು ಜಾಡಿಗಳಲ್ಲಿ ಅವರು ಇದನ್ನು ವಾರಗಟ್ಟಲೆ ಮಾಡಿ ನೋಡಿದ್ದರು. ನೇರಳಾತೀತ ಬೆಳಕಿನ ಉಪಕರಣದಲ್ಲಿ ಅಳೆದರೆ ಎಲೆಯ ಸಾರ ಅರ್ಧಕ್ಕಿಂತ ಕೆಳಗೆ ಇಳಿದಿತ್ತು. ನಾನು ಆ ಅಂಕಿ ನೋಡಿ ಸೀಸೆಗಳ ನಡುವೆಯೇ ಕುಣಿದಿದ್ದೆ.

ಸರಿ, ದೊಡ್ಡ ತೊಟ್ಟಿಗಳಲ್ಲಿ ಪ್ರಯೋಗ ಶುರುವಾಯಿತು. ಕಾಲುವೆಯ ಸುಣ್ಣ ನಿಲ್ಲಿಸಿ, ಸುಣ್ಣದ ತಿಳಿನೀರನ್ನು ಫಿಲ್ಟರುಗಳ ಆಚೆ ಬಿಡಲು ಒಂದು ರಬ್ಬರ್ ಕೊಳವೆ ಎಳೆದೆವು. ಮರುದಿನ ಅಳೆದು ನೋಡಿದರೆ, ಎಲೆಯ ಸಾರ ಇದ್ದಷ್ಟೇ ಇದೆ! ಒಂದು ಕೂದಲಿನಷ್ಟೂ ಇಳಿದಿಲ್ಲ. ಸಾಹೇಬರು ಮೆಲ್ಲಗೆ, "ಜಾಡೀಲಿ ಆಗೋದೆಲ್ಲ ತೊಟ್ಟೀಲಿ ಆಗಲ್ಲ ಮೇಡಂ" ಎಂದು ಹೇಳಿ ಹೋದರು. ನನಗೆ ಅಳು ಬಂತು. ಅತ್ತೂಬಿಟ್ಟೆ.

ಮೇಡಂ ಅಳಲೂ ಇಲ್ಲ, ಕೂರಲೂ ಇಲ್ಲ. ಹುಳಿ ಅಳೆಯುವ ಪಿಎಚ್ ಮೀಟರ್ ಎತ್ತಿಕೊಂಡು ಸೀದಾ ಕಾಲುವೆಗೆ ನಡೆದರು. ಪಟಿಕ ಬೀಳುವ ಜಾಗದಲ್ಲಿ ನೀರು ಹುಳಿಯಾಗಿರಬೇಕಿತ್ತು; ಆಗಿರಲಿಲ್ಲ. ಹಾಗಾದರೆ ಎಲ್ಲಿಂದಲೋ ಸುಣ್ಣ ಬೀಳುತ್ತಿದೆ. ಸುಣ್ಣದಣ್ಣನನ್ನು ಕರೆಸಿದರು. ಆತ ಬಂದವನೇ, "ನಾನು ಸುಣ್ಣದ ರೂಮಿನ ಕಡೆ ತಲೆ ಹಾಕಿಯೂ ಮಲಗಿಲ್ಲ ಮೇಡಂ" ಎಂದ. ಮೇಡಂ ಅವನ ಹುಬ್ಬುಗಳನ್ನೇ ನೋಡಿದರು. ಎರಡೂ ಹುಬ್ಬು ಬೆಳ್ಳಗೆ ಸುಣ್ಣದ ಪುಡಿಯಿಂದ ಮಿಂಚುತ್ತಿದ್ದವು. ಅಷ್ಟು ದುಃಖದಲ್ಲೂ ನನಗೆ ನಗು ತಡೆಯಲಾಗಲಿಲ್ಲ.

ಆತನ ಮುಖ ಬಾಡಿಹೋಯಿತು. "ಏನ್ ಮಾಡ್ಲಿ ಮೇಡಂ? ನೀವು ಸುಣ್ಣ ನಿಲ್ಸಿದ್ಮೇಲೆ ತೊಟ್ಟಿ ನೋಡಕ್ಕಾಗ್ತಿರ್ಲಿಲ್ಲ. ಸಣ್ಣ ಸಣ್ಣ ಪುಡಿ, ಇಳಿಯಕ್ಕೂ ಒಲ್ಲೆ ಅನ್ನುತ್ತೆ. ಕರುಳು ಚುರುಕ್ ಅಂತು. ಸಾಹೇಬ್ರ ಮುಂದೆ ನಿಮ್ಮ ಮರ್ಯಾದೆ ಹೋಗ್ಬಾರ್ದು ಅಂತ ಒಂಚೂರು ಬಿಟ್ಟೆ. ಒಂದೇ ಒಂಚೂರು!"

ಪ್ರೀತಿಯಿಂದ ಪ್ರಯೋಗ ಕೆಡಿಸುವುದು ಎಂದರೆ ಇದೇ! ನಾನಾಗಿದ್ದರೆ ಅವನ ಮೇಲೆ ಹರಿಹಾಯುತ್ತಿದ್ದೆ. ಮೇಡಂ ಸಾಹೇಬರ ಹತ್ತಿರ ಹೋಗಿ ಹೇಳಿದ್ದು ಬೇರೆ: "ಪ್ರಯೋಗ ಸೋತಿಲ್ಲ ಸರ್, ನಡೆದೇ ಇಲ್ಲ. ಹೊಸ ಪದ್ಧತೀಲಿ ನೀರು ಹೇಗೆ ಕಾಣುತ್ತೆ ಅಂತ ನಾನು ನಮ್ಮ ಜನಕ್ಕೆ ಹೇಳಿಕೊಡಲಿಲ್ಲ. ತಪ್ಪು ನನ್ನದು. ಇನ್ನೊಂದು ಸಲ ಬಿಡಿ. ಈ ಸಲವೂ ಕೊನೇ ನಲ್ಲೀಲಿ ಬಣ್ಣ ಬರದಿದ್ರೆ ಸೋಮವಾರ ನೀವು ತೋರಿಸಿದ ಕಡೆ ಸಹಿ ಹಾಕ್ತೀನಿ." ಸುಣ್ಣದಣ್ಣನ ಹೆಸರು ಆ ಕೋಣೆಯಲ್ಲಿ ಉಚ್ಚಾರವಾಗಲೇ ಇಲ್ಲ. ಆ ಸಹಿ ಹಾಕಿದರೆ ಅವರು ಆಮೇಲೆ ಆ ಆಸ್ಪತ್ರೆಯ ಬಾಗಿಲು ತುಳಿಯಲಾರರು ಎಂದು ನನಗೆ ಗೊತ್ತಿತ್ತು.

ಅದೇ ಮಧ್ಯಾಹ್ನ ಅವರು ಎಲ್ಲ ಪಾಳಿಯ ಆಪರೇಟರುಗಳನ್ನೂ ಪ್ರಯೋಗಾಲಯಕ್ಕೆ ಕರೆದು ಕೂರಿಸಿದರು. ಕುರ್ಚಿ ಸಾಲದೆ ಕೆಲವರು ಬಕೆಟ್ಟು ಬೋರಲು ಹಾಕಿ ಕೂತರು. ಮೇಡಂ ಪಟಿಕದ ಪಿಪೆಟ್ಟನ್ನು ಸುಣ್ಣದಣ್ಣನ ಕೈಗೇ ಕೊಟ್ಟರು. ಒಂದು ಜಾಡಿಗೆ ಮೊದಲು ಸುಣ್ಣ, ಆಮೇಲೆ ಪಟಿಕ. ಇನ್ನೊಂದಕ್ಕೆ ಬರೀ ಪಟಿಕ. ಕಲಕುವ ರೆಕ್ಕೆಗಳು ತಿರುಗಿ ನಿಂತವು. ಮೊದಲ ಜಾಡಿಯಲ್ಲಿ ಹತ್ತಿಯಂಥ ತುಣುಕುಗಳು ಚೆಂದಕ್ಕೆ ಇಳಿದವು. ಎರಡನೆಯದರಲ್ಲಿ ಪುಡಿಪುಡಿ, ನೋಡಲು ಸುಖವಿಲ್ಲ. "ನೋಡಿ ಮೇಡಂ, ನಾನು ಹೇಳ್ಲಿಲ್ವಾ?" ಎಂದು ಸುಣ್ಣದಣ್ಣನಿಗೆ ಜೀವ ಬಂತು.

"ಈಗ ಎರಡನ್ನೂ ಸೋಸು" ಎಂದರು ಮೇಡಂ.

ಸೋಸುಕಾಗದದಿಂದ ಇಳಿದ ನೀರನ್ನು ಎರಡು ಉದ್ದ ನಳಿಕೆಗಳಿಗೆ ತುಂಬಿ ಆ ಬಿಳಿ ಟೈಲ್ಸಿನ ಮೇಲೆ ನಿಲ್ಲಿಸಿ, ಮೇಲಿನಿಂದ ನೋಡಲು ಹೇಳಿದರು. ಚೆಂದದ ಜಾಡಿಯ ನೀರು ತಿಳಿಯಾಗೇ ಇತ್ತು, ಆದರೆ ತೆಳುಹಳದಿ. ಪುಡಿಪುಡಿಯ ಜಾಡಿಯ ನೀರಿನ ತಳದಲ್ಲಿ ಟೈಲ್ಸು ಬೆಳ್ಳಗೆ ಬೆಳ್ಳಗೇ ಕಾಣುತ್ತಿತ್ತು. ಸುಣ್ಣದಣ್ಣ ಒಂದು ಕಣ್ಣು ಮುಚ್ಚಿ ನೋಡಿದ, ಇನ್ನೊಂದು ಮುಚ್ಚಿ ನೋಡಿದ, ನಳಿಕೆ ಅದಲುಬದಲು ಮಾಡಿ ನೋಡಿದ. ಆಮೇಲೆ ಹಣೆ ಚಚ್ಚಿಕೊಂಡ. "ಅಯ್ಯಯ್ಯೋ! ಇಷ್ಟು ವರ್ಷ ಬರೀ ಅಂದಚೆಂದ ನೋಡ್ಕೊಂಡು ಮೋಸ ಹೋದ್ನಲ್ಲ ಮೇಡಂ!" ಅವನೊಬ್ಬನೇ ಅಲ್ಲ, ಕದಡು ಅಳೆಯುವ ಮೀಟರ್ ನಂಬಿಕೊಂಡಿದ್ದ ನಾವೆಲ್ಲರೂ ಹಾಗೆಯೇ ಮೋಸ ಹೋದವರು. ಎಲ್ಲರೂ ಒಬ್ಬರಾದ ಮೇಲೊಬ್ಬರು ಬಂದು ಬಗ್ಗಿ ಬಗ್ಗಿ ನೋಡಿದರು. ಕೋಣೆಯಲ್ಲಿ ಜಾತ್ರೆಯಷ್ಟು ಗಲಾಟೆ.

ಪ್ರಯೋಗ ಮತ್ತೆ ಶುರುವಾಯಿತು. ಈ ಸಲ ಕಾಲುವೆಯ ಸುಣ್ಣದ ವಾಲ್ವಿನ ಕಾವಲಿಗೆ ಸುಣ್ಣದಣ್ಣನೇ ಕುರ್ಚಿ ಹಾಕಿಕೊಂಡು ಕೂತ. ವಾಲ್ವಿನ ಹತ್ತಿರ ಹೋದ ದೊಡ್ಡ ಸಾಹೇಬರನ್ನೇ, "ದೂರ ನಿಂತು ನೋಡಿ ಸಾರ್, ಮುಟ್ಟಂಗಿಲ್ಲ" ಎಂದು ಗದರಿಸಿದನಂತೆ. ಫಿಲ್ಟರ್ ದಾಟಿದ ನೀರನ್ನು ಅಳೆದೆವು. ಎಲೆಯ ಸಾರ ಇಳಿದಿತ್ತು! ಅದೂ ಜಾಡಿಯಲ್ಲಿ ಇಳಿದಷ್ಟೇ! ಆದರೆ ಮೇಡಂ ನನಗೆ ಕುಣಿಯಲು ಬಿಡಲಿಲ್ಲ. ಕೊಳವೆಗಳಲ್ಲಿ ಇನ್ನೂ ಹಳೆಯ ನೀರೇ ತುಂಬಿತ್ತು; ಅದೆಲ್ಲ ಹೋಗಿ ಹೊಸ ನೀರು ತುದಿ ಮುಟ್ಟಬೇಕಿತ್ತು. ಶನಿವಾರ ಆಸ್ಪತ್ರೆಗೆ ಹೋದೆವು, ನಳಿಕೆಯಲ್ಲಿ ಬಣ್ಣ ಬರಲಿಲ್ಲ. ಭಾನುವಾರ ಹೋದೆವು, ಬರಲಿಲ್ಲ. ಜೀಪಿನಲ್ಲಿ ವಾಪಸು ಬಂದೆವು. ಮನೆಯ ಹತ್ತಿರ ಇಳಿಯುವಾಗ ಮೇಡಂ, "ನಿನ್ನ ತಂಗಿಗೆ ಇನ್ನೂ ಕುದಿಸಿದ ನೀರೇ ಕೊಡಿಸು" ಎಂದರು, ಅಷ್ಟೇ.

ಸೋಮವಾರ ಬೆಳಿಗ್ಗೆ ದೊಡ್ಡ ಸಾಹೇಬರೂ ನಮ್ಮ ಜೊತೆ ಬಂದರು. ಆದೇಶದ ಹಾಳೆ ಅವರ ಜೇಬಿನಲ್ಲಿತ್ತು, ತುದಿ ಹೊರಗೆ ಕಾಣುತ್ತಿತ್ತು. ಹಸುಗೂಸುಗಳ ಕೋಣೆಯಲ್ಲಿ ಒಂದು ಮಗು ಗಂಟಲು ಹರಿಯುವಂತೆ ಅಳುತ್ತಿತ್ತು. ಮೇಡಂ ನಲ್ಲಿ ತಿರುಗಿಸಿ, ನೀರು ಹರಿಯಬಿಟ್ಟು, ನಳಿಕೆಗೆ ಹಿಡಿದು, ಪುಡಿ ಹಾಕಿ, ಹೆಬ್ಬೆರಳಿನಿಂದ ಬಾಯಿ ಮುಚ್ಚಿ ಅಲ್ಲಾಡಿಸಿದರು. ಆಮೇಲೆ ಕಿಟಕಿಗೆ ಹಿಡಿದರು.

ಗುಲಾಬಿ! ಓ ದೇವರೇ, ಗುಲಾಬಿ! ತೆಳುವೇನಲ್ಲ, ಯಾವ ಅನುಮಾನಕ್ಕೂ ಜಾಗವಿಲ್ಲದ ಗುಲಾಬಿ! ನಾನು ಕಿರುಚಿದ ರಭಸಕ್ಕೆ ಅಳುತ್ತಿದ್ದ ಮಗು ಗಕ್ಕನೆ ಸುಮ್ಮನಾಯಿತು. ಸುಮ್ಮನಿದ್ದ ನಾಲ್ಕು ಮಕ್ಕಳು ಅಳಲು ಶುರು ಮಾಡಿದವು. ಸಾಹೇಬರು ನಂಬದೆ ತಾವೇ ಇನ್ನೊಂದು ನಳಿಕೆ ಹಿಡಿದರು, ಅವಸರಕ್ಕೆ ಪುಡಿ ಅರ್ಧ ಅಂಗಿಯ ಮೇಲೆ ಬಿತ್ತು. ಆದರೂ ಗುಲಾಬಿಯೇ. ಅವರು ಆದೇಶದ ಹಾಳೆಯ ತುದಿಯನ್ನು ಜೇಬಿನೊಳಕ್ಕೆ ದೂಡಿ, "ಮೇಡಂ, ಆ ರಬ್ಬರ್ ಕೊಳವೆ ತೆಗೆಸಿ ಗಟ್ಟಿ ಪೈಪೇ ಹಾಕಿಸೋಣ ಅಲ್ವಾ?" ಎಂದರು. ಮೇಡಂ ಅಂದು ಅತ್ತರು. ಅಳುವುದನ್ನು ನಾನು ನೋಡಿದ್ದು ಅದೊಂದೇ ಸಲ. ಫೋನಿನಲ್ಲಿ ಸುದ್ದಿ ಕೇಳಿದ ಸುಣ್ಣದಣ್ಣ ಮಾತ್ರ ಕುರ್ಚಿ ಬಿಟ್ಟು ಏಳಲಿಲ್ಲವಂತೆ, "ಮೇಡಂ ಬಂದು ಹೇಳ್ಲಿ, ಆಮೇಲೆ ಏಳ್ತೀನಿ" ಎಂದನಂತೆ.

ಆ ವಾರವೇ ಕೇಂದ್ರ ಪ್ರಯೋಗಾಲಯದ ವರದಿಯೂ ಬಂತು. ಕ್ಲೋರಿನ್ ಒಂದು ಹನಿಯೂ ಕಡಿಮೆಯಾಗದೆ, ಅದರಿಂದ ಹುಟ್ಟುತ್ತಿದ್ದ ರಾಸಾಯನಿಕಗಳು ಮಿತಿಯ ಒಳಗೆ ಬಂದಿದ್ದವು. ನನ್ನ ತಂಗಿಗೆ ಹೆಣ್ಣುಮಗು ಹುಟ್ಟಿತು, ಅದೇ ಕೋಣೆಯಲ್ಲಿ ಸ್ನಾನವೂ ಆಯಿತು.

ಮುಂದಿನ ವರ್ಷಗಳಲ್ಲಿ ಮೇಡಂ ಊರೂರು ಸುತ್ತಿದರು. ಒಂದೊಂದು ಊರಿನ ನೀರಿಗೂ ಒಂದೊಂದು ಸ್ವಭಾವ. ನಮ್ಮ ಅಳತೆಯನ್ನೇ ಅವರ ಮೇಲೆ ಹೇರಬಾರದೆಂದು ಪ್ರತಿ ಘಟಕದಲ್ಲೂ ಮೊದಲಿನಿಂದ ಜಾಡಿಗಳಿಟ್ಟು, ಅಲ್ಲಿನ ಆಪರೇಟರುಗಳ ಕೈಯಲ್ಲೇ ಮಾಡಿಸಿ, ಅವರ ಕಣ್ಣಿನಲ್ಲೇ ತೋರಿಸಿದರು. ಅನೇಕ ಕಡೆ ಸುಣ್ಣದಣ್ಣನನ್ನೂ ಕರೆದೊಯ್ದರು. ಆತ ಹೋದಲ್ಲೆಲ್ಲ ತನ್ನ ಹುಬ್ಬಿನ ಕತೆ ಹೇಳಿ ಎಲ್ಲರನ್ನೂ ನಗಿಸಿ ಆಮೇಲೆ ಪಾಠ ಶುರು ಮಾಡುತ್ತಿದ್ದ. ನಮ್ಮ ಕೆಲಸದ ಬಗ್ಗೆ ಪ್ರಬಂಧ ಬರೆದಾಗ ಮೇಡಂ ನನ್ನ ಹೆಸರನ್ನು ತಮ್ಮ ಹೆಸರಿಗಿಂತ ಮುಂದೆ ಹಾಕಿದರು. ನಾನು ಜಗಳವಾಡಿದೆ. "ಕುಣಿದೋಳು ನೀನು, ಮುಂದೆ ನೀನೇ ಇರು" ಎಂದು ನಕ್ಕುಬಿಟ್ಟರು. ನಾನು ಗರ್ಭಿಣಿಯಾಗಿದ್ದಾಗ ತೊಟ್ಟಿಯ ಏಣಿ ಹತ್ತುವ ನನ್ನ ಸರದಿಯನ್ನೆಲ್ಲ, ನಾನು ಕೇಳದೆ, ಯಾರಿಗೂ ಹೇಳದೆ, ಮಂಡಿನೋವಿನ ತಮ್ಮ ಕಾಲಿನಲ್ಲೇ ಹತ್ತಿದರು. ಇದನ್ನು ಬರೆಯುವಾಗ ಕಣ್ಣು ತುಂಬಿ ಬರುತ್ತಿದೆ, ಸಂಪಾದಕರು ಕ್ಷಮಿಸಬೇಕು.

ಈ ಗ್ರಂಥಕ್ಕೆ ಆಸ್ಪತ್ರೆಯವರದೂ ನಾಲ್ಕು ಸಾಲು ಇರಲಿ ಎಂದು ಹೋದ ವಾರ ಅಲ್ಲಿಗೆ ಹೋಗಿದ್ದೆ. ಹಿಂದಿನವರೆಲ್ಲ ವರ್ಗವಾಗಿ, ನಿವೃತ್ತರಾಗಿ ಹೋಗಿದ್ದಾರೆ. ಈಗಿನ ಹಿರಿಯ ನರ್ಸ್ ಒಂದು ಕೈಯಲ್ಲಿ ಮಗುವಿಟ್ಟುಕೊಂಡು, ಇನ್ನೊಂದು ಕೈಯಲ್ಲಿ ನಲ್ಲಿ ತಿರುಗಿಸುತ್ತಾ ನನ್ನ ಮಾತು ಕೇಳಿಸಿಕೊಂಡರು. "ನೀರಿನ ತೊಂದರೆನಾ? ನಮ್ಮಲ್ಲಾ?" ಎಂದು ಅಚ್ಚರಿಪಟ್ಟರು. "ನಾನು ಬಂದಾಗಿನಿಂದ ನೀರಿನ ಬಗ್ಗೆ ಇಲ್ಲಿ ಯಾರೂ ಒಂದು ಮಾತೂ ಆಡಿಲ್ಲವಲ್ಲ. ಯಾವ ಮೇಡಂ ಅಂದ್ರಿ?"

ನನಗೆ ಮೈಯೆಲ್ಲ ಉರಿದುಹೋಯಿತು. ಸೀದಾ ಮೇಡಂ ಮನೆಗೆ ಹೋಗಿ, ಕಾಲಿಗೆ ಹಾಕಿದ್ದ ಚಪ್ಪಲಿಯನ್ನೂ ಬಿಡದೆ, ಬಾಗಿಲಲ್ಲೇ ನಿಂತು ದೂರಿದೆ: "ನೋಡಿ ಮೇಡಂ, ನಿಮ್ಮ ಹೆಸರೂ ಗೊತ್ತಿಲ್ಲ ಅವರಿಗೆ! ನೀರಿನ ತೊಂದರೆ ಇತ್ತು ಅನ್ನೋದೇ ಗೊತ್ತಿಲ್ಲ!"

ಮೇಡಂ ಮೊದಲು ನನ್ನನ್ನೇ ನೋಡಿದರು. ಆಮೇಲೆ ಅವರ ಮುಖ ಅರಳಿದ ರೀತಿಯನ್ನು ನಾನು ಹೇಗೆ ಬರೆಯಲಿ! "ಗೊತ್ತೇ ಇಲ್ವಾ?" ಎಂದು ಎರಡೆರಡು ಸಲ ಕೇಳಿದರು. "ಒಬ್ಬರಿಗೂ?" ಮತ್ತೆ ಚಪ್ಪಾಳೆ ತಟ್ಟಿ, ಒಳಗಿದ್ದ ಯಜಮಾನರನ್ನು ಕೂಗಿ ಕರೆದು ಅವರಿಗೂ ಹೇಳಿದರು. ನನ್ನ ಎರಡೂ ಕೈ ಹಿಡಿದುಕೊಂಡು, "ಅವಸರದಮ್ಮ, ಬೇರೆ ಏನಾದ್ರೂ ಬಿಡು, ಇದನ್ನ ಮಾತ್ರ ಬರೆಯದೆ ಬಿಡಬೇಡ ಕಣೆ. ನನಗೆ ಇದಕ್ಕಿಂತ ದೊಡ್ಡ ಸನ್ಮಾನ ಯಾರು ಮಾಡ್ತಾರೆ?" ಎಂದರು.

ಬರೆದಿದ್ದೇನೆ, ಮೇಡಂ. ಎಲೆ ಉದುರುವ ಕಾಡುಗಳೂ, ಚಹಾ ಬಣ್ಣದ ನೀರು ಕಂಡು ಕಂಗೆಟ್ಟ ಘಟಕಗಳೂ ಇನ್ನೂ ಬೇಕಾದಷ್ಟಿವೆ. ನಿವೃತ್ತಿಯ ಆದೇಶ ಬರುವ ಮೊದಲೇ ಮೂರು ಊರಿನವರು ನಿಮ್ಮನ್ನು ಕರೆಯಲು ಬಂದು ಹೋದದ್ದು ನನಗೆ ಗೊತ್ತಿದೆ. ನಿಮ್ಮ ಮಂಡಿ ಗಟ್ಟಿಯಾಗಿರಲಿ, ಕಣ್ಣು ಇಷ್ಟೇ ಚುರುಕಾಗಿರಲಿ, ಆಯುಸ್ಸು ನೂರನ್ನು ದಾಟಲಿ. ಇನ್ನೂ ನೂರಾರು ಊರುಗಳ ಹೆರಿಗೆ ಆಸ್ಪತ್ರೆಗಳಲ್ಲಿ ನೀವು ಯಾರೆಂದು ಒಬ್ಬರಿಗೂ ಗೊತ್ತಿಲ್ಲದಂತಾಗಲಿ.